ಕಾಡಿಗೆ ಮೂವತ್ತು ಮನೆಗಳ ಕಾವಲು

ಕಾಫಿಯ ಮಾತು ಬಂದರೆ ನಮ್ಮ ಕಡೆಯವರು ಬಾಬಾಬುಡನ್ ಅವರನ್ನು ನೆನೆಯುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಆ ಸೂಫಿ ಸಂತರು ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಮಲೆನಾಡಿನ ನಂಬಿಕೆ. ಯೆಮನ್‌ಗೆ ಆ ಬೀಜ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕೆಂಪು ಸಮುದ್ರದ ಆಚೆ ದಡದ ಇಥಿಯೋಪಿಯಾದಿಂದ. ಹೆಸರು ಅರೇಬಿಕಾ ಎಂದಿದ್ದರೂ ಅದರ ತವರು ಅರಬರ ನಾಡಲ್ಲ, ಆಫ್ರಿಕಾದ ಎತ್ತರದ ಕಾಡುಗಳ ನೆರಳು. ಅರಬಿಯಲ್ಲಿ ಕಾಫಿ ಬೀಜಕ್ಕೆ ‘ಬುನ್’ ಎನ್ನುತ್ತಾರೆಂದು ಉರ್ದು ಶಾಲೆಯಲ್ಲಿ ಉಸ್ತಾದರು ಹೇಳಿದ್ದರು. ಇಥಿಯೋಪಿಯಾದ ಒರೊಮೊ ಜನರ ಬಾಯಲ್ಲಿ ಅದು ‘ಬುನಾ’.

ಆ ದೇಶದ ಆಗ್ನೇಯಕ್ಕೆ ಬಾಲೆ ಎಂಬ ಪರ್ವತ ಸೀಮೆಯಿದೆ. ಕನ್ನಡದ ಕಿವಿಗೆ ಹೆಣ್ಣುಮಗುವಿನ ಹೆಸರಿನಂತೆ ಕೇಳುವ ಈ ಬಾಲೆಯ ಅತಿ ಎತ್ತರದ ಶಿಖರ 4,377 ಮೀಟರ್. ಜನ ಬಹುಪಾಲು ಒರೊಮೊ ಮುಸ್ಲಿಮರು. ಅವರಿಗೂ ಒಂದು ದರ್ಗಾ ಇದೆ, ಶೇಖ್ ಹುಸೇನರದು. ಯಾತ್ರಿಕರು ಕವಲೊಡೆದ ಕೋಲು ಹಿಡಿದು ಬಹುದೂರದಿಂದ ಅಲ್ಲಿಗೆ ನಡೆದು ಬರುತ್ತಾರೆ. ಪರ್ವತದ ದಕ್ಷಿಣದ ಇಳಿಜಾರಿನಲ್ಲಿ ಹರೆನ್ನಾ ಎಂಬ ದಟ್ಟ ಕಾಡು. ಅದರ ಕೆಳಭಾಗದಲ್ಲಿ ಯಾರೂ ನೆಡದ ಕಾಫಿ ತಾನಾಗಿಯೇ ಬೆಳೆಯುತ್ತದೆ. ಎತ್ತರದ ಮರಗಳಲ್ಲಿ ಉದ್ದನೆಯ ಕೊಳವೆಯಂಥ ಗೂಡು ಕಟ್ಟಿ ಜೇನು ಸಾಕುತ್ತಾರೆ. ಈ ಪರ್ವತದಲ್ಲಿ ಹುಟ್ಟುವ ನದಿಗಳು ಇಥಿಯೋಪಿಯಾ, ಸೊಮಾಲಿಯಾ ಮತ್ತು ಕೀನ್ಯಾದ ಸುಮಾರು 1.2 ಕೋಟಿ ಜನರಿಗೆ ನೀರು ಕೊಡುತ್ತವೆ. 2023ರಲ್ಲಿ ಯುನೆಸ್ಕೋ ಬಾಲೆಯ ರಾಷ್ಟ್ರೀಯ ಉದ್ಯಾನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಅಲ್ಲಿನ ಕಾಡು ಬಹುಕಾಲ ಸವೆಯುತ್ತಲೇ ಬಂತು. 1975ರಲ್ಲಿ ಮಿಲಿಟರಿ ಸರಕಾರ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿತು. ಕಾಡು ಸರಕಾರದ್ದಾಯಿತು, ಕಾಯಲು ಸರಕಾರದ ಕೆಲವೇ ಗಾರ್ಡುಗಳು. 1991ರಲ್ಲಿ ಆ ಸರಕಾರ ಬಿದ್ದ ದಿನಗಳಲ್ಲಿ ದೇಶದ ಹಲವೆಡೆ ಜನ ಕೊಡಲಿ ಹಿಡಿದು ಸರಕಾರಿ ಕಾಡಿಗೆ ನುಗ್ಗಿದರು. ಅದನ್ನು ಬರೀ ಲೂಟಿ ಎನ್ನಬಹುದೆ? ನಿನ್ನದಲ್ಲ, ನಿನ್ನದಲ್ಲ ಎಂದು ವರ್ಷಗಟ್ಟಲೆ ಹೇಳಿಸಿಕೊಂಡ ಮನುಷ್ಯ ಒಂದು ದಿನ ಕಾವಲಿಲ್ಲದಾಗ ಇನ್ನೇನು ಮಾಡಿಯಾನು?

ಈ ‘ನಿನ್ನದಲ್ಲ’ ಎಂಬ ಮಾತಿನ ಭಾರ ನನಗೆ ಗೊತ್ತು. ನನ್ನ ಸೋದರಮಾವ ಕಾಡಂಚಿನ ಹಳ್ಳಿಯವರು. ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಯಾವ ಒರತೆ ಬೇಸಗೆಯಲ್ಲೂ ಬತ್ತುವುದಿಲ್ಲ ಎಂದು ಬೆರಳೆಣಿಸಿ ಹೇಳುತ್ತಿದ್ದರು. ಒಣ ಕಟ್ಟಿಗೆಯ ಹೊರೆಯೊಂದಿಗೆ ಸಿಕ್ಕಿಬಿದ್ದ ಒಂದು ಸಂಜೆ ಗಾರ್ಡು ಅವರ ಕತ್ತಿಯನ್ನು ಕಿತ್ತುಕೊಂಡ. ಮಾಮ ದಂಡ ಕಟ್ಟಿದರು. ಅವರನ್ನು ನೋಯಿಸಿದ್ದು ದಂಡವಲ್ಲ. ಮಕ್ಕಳ ಮುಂದೆ ಕಳ್ಳ ಎನ್ನಿಸಿಕೊಂಡದ್ದು. ಅನಂತರ ಕಾಡಿಗೆ ಬೆಂಕಿ ಬಿದ್ದಾಗ ಆರಿಸಲು ಹೋದವರಲ್ಲಿ ಅವರಿರಲಿಲ್ಲ.

ಬಾಲೆಯ ಉತ್ತರ ಇಳಿಜಾರಿನ ಅದಾಬಾ-ದೊದೊಲಾ ಕಾಡಿನಲ್ಲಿ ಈ ‘ನಿನ್ನದಲ್ಲ’ವನ್ನು ತಿರುಗಿಸಿ ಹಾಕುವ ಪ್ರಯತ್ನ ನಡೆಯಿತು. 1995ರಲ್ಲಿ ಜರ್ಮನಿಯ ನೆರವಿನಿಂದ ಆರಂಭವಾದ ಯೋಜನೆಯೊಂದು 2000ದ ಹೊತ್ತಿಗೆ ‘ವಾಜಿಬ್’ ಎಂಬ ರೂಪ ಪಡೆಯಿತು. ಉರ್ದು ಬಲ್ಲವರಿಗೆ ಈ ಹೆಸರು ನೋಡಿದರೆ ಮುಗುಳ್ನಗು ಬಂದೀತು; ವಾಜಿಬ್ ಎಂದರೆ ನಮಗೆ ಮಾಡಲೇಬೇಕಾದ ಕರ್ತವ್ಯ. ಅಲ್ಲಿ ಅದು ಒರೊಮೊ ಭಾಷೆಯ ‘ಕಾಡುವಾಸಿಗಳ ಸಂಘ’ ಎಂಬರ್ಥದ ಪದಗಳ ಮೊದಲಕ್ಷರಗಳ ಜೋಡಣೆ, ಅಷ್ಟೆ. ಅರ್ಥ ಮಾತ್ರ ಹತ್ತಿರದಲ್ಲೇ ಇದೆ.

ಲೆಕ್ಕ ಸರಳ. ಒಂದು ಕುಟುಂಬಕ್ಕೆ 12 ಹೆಕ್ಟೇರ್ ಕಾಡು. ಒಂದು ಸಂಘಕ್ಕೆ ಹೆಚ್ಚೆಂದರೆ 30 ಕುಟುಂಬ, ಅಂದರೆ 360 ಹೆಕ್ಟೇರ್. ಸಂಘ ಸರಕಾರದೊಂದಿಗೆ ಕರಾರು ಮಾಡಿಕೊಳ್ಳುತ್ತದೆ, ವರ್ಷಕ್ಕಿಷ್ಟು ಬಾಡಿಗೆ ಕಟ್ಟುತ್ತದೆ. ಬದಲಿಗೆ ಅಲ್ಲಿ ವಾಸಿಸುವ, ದನ ಮೇಯಿಸುವ, ಯೋಜನೆಯಲ್ಲಿ ಒಪ್ಪಿದಷ್ಟು ಮರ ಕಡಿದು ಮಾರುವ ಹಕ್ಕು ಅದರದೇ. ಕಾವಲೂ ಅವರದೇ. ಜೊತೆಗೆ, ಪ್ರವಾಸಿಗಳನ್ನು ಕುದುರೆಯ ಮೇಲೆ ಪರ್ವತ ಸುತ್ತಿಸಿ ಸಂಪಾದಿಸುವ ಸ್ಥಳೀಯರೂ ಇದ್ದಾರೆ. ನಿಂತ ಮರದಿಂದಲೂ ರೊಟ್ಟಿ ಹುಟ್ಟಬಹುದೆಂದು ಕಂಡರೆ ಯಾರು ತಾನೆ ಸುಮ್ಮನೆ ಕೊಡಲಿ ಎತ್ತುತ್ತಾರೆ?

ಎಲ್ಲ ಸಂಘಗಳೂ ಒಂದೇ ರೀತಿ ಗೆಲ್ಲಲಿಲ್ಲ. ಯಾಕೆಂದು ಹುಡುಕಿದ ಮೂವರು ಸಂಶೋಧಕರ ಅಧ್ಯಯನ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಲೆಯ 49 ಸಂಘಗಳನ್ನು ಅವರು ನೋಡಿದ್ದರು. ‘ಉಳಿದವರು ಮಾಡಿದರೆ ನಾನೂ ಮಾಡುತ್ತೇನೆ’ ಎನ್ನುವವರು ಹೆಚ್ಚಿದ್ದ ಸಂಘಗಳ ಕಾಡಿನಲ್ಲಿ ಎಳೆಯ ಮರಗಳು ಹೆಚ್ಚಿದ್ದವು. ಅಂಥವರು ಕಾವಲು ತಿರುಗಲು ಹೆಚ್ಚು ಸಮಯ ಕೊಡುತ್ತಿದ್ದರು. ಗಮನಿಸಿ, ಇವರು ಮಹಾತ್ಯಾಗಿಗಳಲ್ಲ. ನೆರೆಯವನ ಕಡೆ ಒಂದು ಕಣ್ಣಿಟ್ಟು ತನ್ನ ಪಾಲಿನ ಕೆಲಸ ಮಾಡುವ ಸಾಮಾನ್ಯರು. ಕಾಡು ಉಳಿಯಲು ಸಂತರೇ ಬೇಕಿಲ್ಲ, ಪರಸ್ಪರ ವಿಶ್ವಾಸವಿದ್ದರೆ ಸಾಕೆಂಬುದು ನನಗೆ ದೊಡ್ಡ ಸಮಾಧಾನ.

ಆದರೂ ಒಂದು ಪ್ರಶ್ನೆ ಕಾಡುತ್ತದೆ. ಮೂವತ್ತೊಂದನೆಯ ಮನೆಯವರ ಗತಿಯೇನು? ಕಾಡಿನ ತಾಳಿಕೆಗೆ ಮಿತಿಯಿದೆ, ಅದು ನಿಜ. ಮೂವತ್ತು ಮನೆಗೆ ಹಕ್ಕು ಬಂದಾಗ ಅದೇ ಹೊಳೆಯ ನೀರು ಕುಡಿದ ಮೂವತ್ತೊಂದನೆಯವನು ಹೊರಗಿನವನಾಗುತ್ತಾನೆ. ನಿನ್ನೆಯವರೆಗೆ ಗಾರ್ಡು ಹೇಳುತ್ತಿದ್ದ ‘ನಿನ್ನದಲ್ಲ’ವನ್ನು ಇಂದು ನೆರೆಯವನೇ ಹೇಳುತ್ತಾನೆ. ಹೊರಗುಳಿಯುವವರಲ್ಲಿ ವಿಧವೆಯರು, ಹೊಸದಾಗಿ ಮದುವೆಯಾದವರು, ನೆಲೆ ಅರಸಿ ತಡವಾಗಿ ಬಂದವರು ಇರುವುದಿಲ್ಲವೆ? ಅವರಿಗೆ ಬೇರೆ ಕಸುಬು, ಬೇರೆ ಉರುವಲು ಸಿಗದಿದ್ದರೆ ಯಾವ ಕರಾರೂ ಬಹುಕಾಲ ಬಾಳದು.

ನಮ್ಮಲ್ಲೂ ಈ ಪ್ರಶ್ನೆ ಹಳೆಯದೇ. 1993ರಲ್ಲಿ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಬಂದವು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನವರಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಒಪ್ಪಿಕೊಂಡಿತು. ಅದರಲ್ಲೂ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವೆಂದು ಸಾಬೀತು ಮಾಡಬೇಕು. ಅಜ್ಜನ ಹೆಜ್ಜೆಗುರುತಿಗೆ ದಾಖಲೆ ಎಲ್ಲಿ ಸಿಗುತ್ತದೆ?

2019ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ವಿಜ್ಞಾನಿಗಳು ಜಗತ್ತಿನ 124 ಕಾಡು ಕಾಫಿ ಜಾತಿಗಳಲ್ಲಿ ಶೇಕಡಾ 60ರಷ್ಟು ಅಳಿವಿನ ಅಂಚಿಗೆ ಸರಿಯುತ್ತಿವೆ ಎಂದರು. ಕಾಡು ಅರೇಬಿಕಾ ಕೂಡ ಅದರಲ್ಲಿದೆ. ನಾಳೆ ನಮ್ಮ ತೋಟಗಳಿಗೆ ಹೊಸ ರೋಗ ಬಂದರೆ, ಬಿಸಿಲು ಇನ್ನಷ್ಟು ಏರಿದರೆ, ತಾಳಿಕೊಳ್ಳುವ ತಳಿಗಾಗಿ ಆ ಕಾಡುಗಳನ್ನೇ ಹುಡುಕಿಕೊಂಡು ಹೋಗಬೇಕು. ಆ ಅಮಾನತ್ತನ್ನು ಕಾಯುತ್ತಿರುವವರು ಕಾಫಿಯ ಬೆಲೆ ನಿರ್ಧರಿಸುವವರಲ್ಲ. ಕೋಲು ಹಿಡಿದು ಸರದಿಯ ಮೇಲೆ ಕಾವಲು ತಿರುಗುವ ಬಡ ರೈತರು. ಅವರ ಒಲೆ ಉರಿಯುತ್ತಿದ್ದರೆ ಮಾತ್ರ ಅವರ ಕಾಡು ಹಸಿರಾಗಿದ್ದೀತು.