ಶೆಡ್ಡಿನ ಎಣ್ಣೆ ಕಲೆ ಎಲ್ಲಿಗೆ ಹೋಗುತ್ತದೆ?



ನಮ್ಮ ಊರಿನ ಹೆಚ್ಚಿನ ಮನೆಗಳಲ್ಲಿ ಬೈಕ್, ಕಾರು, ರಿಕ್ಷಾ ಏನಾದರೊಂದು ಇದೆ. ಅದು ನಿಲ್ಲುವ ಜಾಗದಲ್ಲಿ ಕಪ್ಪು ಎಣ್ಣೆ ಕಲೆಯೂ ಇದೆ. ಮಂಜೇಶ್ವರದ ಹತ್ತಿರದ ನಮ್ಮ ಮನೆಯ ಶೆಡ್ಡಿನ ಕಾಂಕ್ರೀಟ್ ನೆಲದಲ್ಲಿ ಅಪ್ಪ ಹದಿನಾಲ್ಕು ವರ್ಷ ರಿಕ್ಷಾ ಓಡಿಸಿದ ಗುರುತು ಪೂರ್ತಿ ಉಳಿದಿತ್ತು. ಮೊಣಕಾಲು ನೋವು ಜೋರಾಗಿ ಕಳೆದ ವರ್ಷ ಅವರು ರಿಕ್ಷಾ ಮಾರಿದರು. ಪೇಟೆಯಲ್ಲಿದ್ದ ಹೊಲಿಗೆ ಅಂಗಡಿಯ ಬಾಡಿಗೆ ಕಟ್ಟಿ ಸಾಕಾಗಿದ್ದ ಅಮ್ಮ, "ಇನ್ನು ಮಿಷನ್ ಶೆಡ್ಡಿಗೇ ತರುವ" ಅಂದರು.

ಅಮ್ಮ ಹೊಲಿಯುವುದು ಹೆಚ್ಚಾಗಿ ಮದುವೆಯ ಗೌನು ಮತ್ತು ಮೊದಲ ಪರಮಪ್ರಸಾದದ ಮಕ್ಕಳ ಉಡುಪು. ಎಲ್ಲ ಬಿಳಿ ಬಟ್ಟೆ. ಗೌನಿನ ಅಂಚು ನೆಲಕ್ಕೆ ತಾಗದೆ ಇರುವುದಿಲ್ಲ. ಒಂದು ಕಲೆ ಬಿದ್ದರೆ ಬಟ್ಟೆಯ ಹಣ ನಾವೇ ಕೊಡಬೇಕು, ಕೂಲಿಯೂ ಹೋಯಿತು. ಈಗ ಮನೆ ನಡೆಯುವುದು ಆ ಕೂಲಿಯಿಂದಲೇ. ಹಾಗಾಗಿ ನೆಲ ಶುಚಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಉಪಾಯ ಹೇಳುವವರಿಗೆ ಕೊರತೆ ಇರಲಿಲ್ಲ. ಒಬ್ಬರು ಪೆಟ್ರೋಲ್ ಹಾಕಿ ಉಜ್ಜಲು ಹೇಳಿದರು. ಇನ್ನೊಬ್ಬರು, ಬಾತ್‌ರೂಮಿಗೆ ಹಾಕುವ ಆಸಿಡ್ ಸುರಿದು ಪೈಪು ಬಿಟ್ಟರೆ ಒಂದು ಗಂಟೆಯ ಕೆಲಸ ಎಂದರು. ಅಪ್ಪ ಕುರ್ಚಿಯಲ್ಲಿ ಕೂತಲ್ಲಿಂದಲೇ ಅಂಗಳದ ಆಚೆ ಕೈ ತೋರಿಸಿದರು. "ಪೈಪು ಬಿಟ್ಟರೆ ಆ ನೀರು ಎಲ್ಲಿಗೆ ಹೋಗ್ತದೆ ಅಂತ ನೋಡಿದ್ದೀಯಾ ಮಗಾ?"

ಅಲ್ಲಿ ನಮ್ಮ ಬಾವಿ ಇದೆ. ಶೆಡ್ಡಿನ ನೆಲದ ಇಳಿಜಾರು ಅದೇ ಕಡೆಗೆ. ನಮ್ಮ ಊರಿನ ನೆಲ ಮುರಕಲ್ಲು, ಮೈತುಂಬ ತೂತು. ನೀರು ಅದರಲ್ಲಿ ಬೇಗ ಇಳಿಯುತ್ತದೆ. ಈ ಗುಣ ಇರುವುದರಿಂದಲೇ ನಮ್ಮ ಹಿರಿಯರು ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಸುರಂಗ ಕೊರೆದು ಕುಡಿಯುವ ನೀರು ತಂದದ್ದು. ಒಳ್ಳೆಯ ನೀರು ಇಳಿಯುವ ದಾರಿಯಲ್ಲೇ ಕೊಳೆ ನೀರೂ ಇಳಿಯುತ್ತದೆ. ನಮ್ಮ ಬಾವಿಯ ಕೆಳಗೆ ಇನ್ನೆರಡು ಮನೆಗಳ ಬಾವಿಗಳಿವೆ.

ಕಾಂಕ್ರೀಟು ನೋಡಲು ಕಲ್ಲಿನಂತೆ ಗಟ್ಟಿ. ಆದರೆ ಕಲಸುವಾಗ ಹಾಕಿದ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಅವು ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಪೆಟ್ರೋಲ್ ಹಾಕಿದರೆ ಎಣ್ಣೆ ತೆಳ್ಳಗಾಗಿ ಇನ್ನೂ ಒಳಗೆ, ಇನ್ನೂ ಅಗಲಕ್ಕೆ ಹರಡುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ನಿಲ್ಲುತ್ತದೆ. ಬೆಂಕಿ ಹಿಡಿಯಲು ಒಂದು ಕಿಡಿ ಸಾಕು. ಆಸಿಡ್ ಎಣ್ಣೆಯನ್ನು ಮುಟ್ಟುವುದಿಲ್ಲ, ಸಿಮೆಂಟನ್ನು ತಿನ್ನುತ್ತದೆ. ನೊರೆ ಬರುವುದನ್ನು ನೋಡಿ ಕಲೆ ಹೋಗುತ್ತಿದೆ ಎಂದುಕೊಳ್ಳುತ್ತೇವೆ, ಹೋಗುತ್ತಿರುವುದು ನೆಲ. ಬಾವಿಗೆ ಹಾಕಲು ತಂದಿಟ್ಟ ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿದರಂತೂ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಎರಡನ್ನೂ ಒಟ್ಟಿಗೆ ಬಳಸಲೇಬೇಡಿ.

ನಾವು ಮಾಡಿದ್ದು ನಿಧಾನದ ಕೆಲಸ. ಮೊದಲು ಮೇಲಿನ ಗ್ರೀಸನ್ನು ತಗಡಿನ ತುಂಡಿನಿಂದ ಕೆರೆದು ತೆಗೆದೆ. ಆಮೇಲೆ ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಮತ್ತು ಸಾಬೂನು ಹುಡಿ ಕಲಸಿ, ಕೈಗೆ ಗ್ಲೌಸ್ ಹಾಕಿ, ಗಟ್ಟಿ ಬ್ರಶ್ಶಿನಿಂದ ಉಜ್ಜಿದೆ. ತೆಂಗಿನೆಣ್ಣೆಯಾದರೆ ಸೋಡಾ ಅದನ್ನು ಕೊಂಚ ಸಾಬೂನಾಗಿಯೇ ಮಾಡೀತು. ಇಂಜಿನ್ ಆಯಿಲ್ ಹಾಗಲ್ಲ, ಅದು ಭೂಮಿಯೊಳಗಿನ ಎಣ್ಣೆ. ಅದನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸಲು ಸಾಬೂನು ಹುಡಿ ಬೇಕೇ ಬೇಕು. ಎದ್ದ ಕಪ್ಪು ನೀರನ್ನು ಅಂಗಳಕ್ಕೆ ಬಿಡದೆ ಮರದ ಮಿಲ್ಲಿನಿಂದ ತಂದ ಹುಡಿ ಸುರಿದು ಹೀರಿಸಿ, ಹಿಡಿಸೂಡಿಯಲ್ಲಿ ಗುಡಿಸಿ ಡಬ್ಬಿಗೆ ತುಂಬಿದೆ.

ಉಜ್ಜಿದರೂ ಹೋಗದ ಕಲೆಗಳಿಗೆ ಲೇಪ ಹಾಕಿದೆವು. ಬಾತ ಕಾಲಿಗೆ ಅಜ್ಜಿ ಮದ್ದು ಅರೆದು ಹಚ್ಚುವ ಹಾಗೆಯೇ. ಸೀಮೆಸುಣ್ಣದ ಹುಡಿಯನ್ನು ಪಾತ್ರೆ ತೊಳೆಯುವ ದ್ರವದಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಅರ್ಧ ಬೆರಳು ದಪ್ಪಕ್ಕೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟೆವು. ಮರುದಿನ ಹಾಳೆ ತೆಗೆದು ಒಣಗಲು ಬಿಟ್ಟೆವು. ಒಣಗುತ್ತಾ ಒಣಗುತ್ತಾ ಲೇಪ ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಬಿಳಿ ಹುಡಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದಾಗ ನನಗೆ ಬಂದ ಖುಷಿ ಅಷ್ಟಿಷ್ಟಲ್ಲ.

ಆ ದಿನಗಳಲ್ಲಿ ಅಪ್ಪ ಪಕ್ಕದಲ್ಲೇ ಕೂತಿರುತ್ತಿದ್ದರು. ಒಂದೊಂದು ಕಲೆಯೂ ಅವರಿಗೆ ಗೊತ್ತು. ಇದು ಗೇರ್ ಬಾಕ್ಸಿನದ್ದು, ಅದು ಆಯಿಲ್ ಬದಲಿಸುವಾಗ ಚೆಲ್ಲಿದ್ದು ಎಂದು ಹೇಳುತ್ತಿದ್ದರು. ನಡುವಿನ ದೊಡ್ಡ ಕಲೆಯನ್ನು ನಾನು ಉಜ್ಜುತ್ತಿದ್ದಾಗ, "ಅದು ಸೀಲ್ ಹೋಗಿ ಒಂದು ವರ್ಷ ಸೋರಿದ್ದು. ನೀನು ಪ್ಲಸ್ ಟೂ ಮಾಡಿದ ವರ್ಷ. ಸೀಲ್ ಆಮೇಲೆ ಹಾಕಿಸಿದರಾಯಿತು, ಫೀಸು ಮೊದಲು ಕಟ್ಟುವ ಅಂತ ಬಿಟ್ಟದ್ದು" ಅಂದರು. ನಾನು ಏನೂ ಹೇಳಲಿಲ್ಲ. ಆ ಕಲೆಗೆ ಮೂರು ಸಲ ಲೇಪ ಬೇಕಾಯಿತು.

ಎಣ್ಣೆ ಹೀರಿದ ಹುಡಿಯನ್ನು ಬಚ್ಚಲ ಒಲೆಗೆ ಹಾಕುವ ಎಂದು ಅಮ್ಮ ಕೇಳಿದರು. ಹಳೆಯ ಆಯಿಲ್ ಉರಿದರೆ ಆ ಹೊಗೆ ನಮ್ಮ ಎದೆಗೇ ಹೋಗುತ್ತದೆ. ಬಳಸಿದ ಆಯಿಲ್ ನಮ್ಮ ದೇಶದ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅಪ್ಪನ ಪರಿಚಯದ ವರ್ಕ್‌ಶಾಪ್‌ನವರು ತಮ್ಮ ಹಳೆಯ ಆಯಿಲಿನ ಕಸದ ಜೊತೆಗೆ ಕಳಿಸಲು ನಮ್ಮ ಡಬ್ಬಿಯನ್ನೂ ಇಟ್ಟುಕೊಂಡರು.

ಕೊನೆಗೆ ನೆಲದ ಮೇಲೆ ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿದೆವು. ಹನಿ ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಉರುಟಾಗಿ ನಿಂತರೆ ಎಣ್ಣೆ ಇನ್ನೂ ಇದೆ ಎಂದು ಅರ್ಥ. ನೆಲ ಅದನ್ನು ಹೀರಿಕೊಂಡರೆ ಕೆಲಸ ಮುಗಿಯಿತು. ನಮ್ಮ ನೆಲ ಹೀರಿಕೊಂಡಿತು. ನಡುವಿನ ಕಲೆಯ ಜಾಗದಲ್ಲಿ ಸಣ್ಣ ನೆರಳಿನಷ್ಟು ಉಳಿದಿದೆ. ಬಿಳಿ ಬಟ್ಟೆ ಒತ್ತಿ ಉಜ್ಜಿ ನೋಡಿದೆ, ಏನೂ ಹತ್ತಲಿಲ್ಲ. ಅಮ್ಮನ ಮಿಷನ್ ಈಗ ಅಲ್ಲೇ ಇದೆ.

ನಿಮ್ಮ ಮನೆಯಲ್ಲೂ ಕಲೆ ಇದ್ದರೆ ಜೂನ್ ಮಳೆಗೆ ಮೊದಲೇ ಕೈ ಹಾಕಿ. ಎಣ್ಣೆ ಹೊಸದಾಗಿ ಚೆಲ್ಲಿದರೆ ಒರೆಸಿ ಹರಡಬೇಡಿ, ಕೂಡಲೇ ಮರದ ಹುಡಿಯನ್ನೋ ಒಣ ಮರಳನ್ನೋ ಸುರಿಯಿರಿ. ಸೋರುವ ಗಾಡಿಯ ಅಡಿಗೆ ಒಂದು ಹಳೆಯ ತಟ್ಟೆ ಇಡಿ. ಪೈಪು ಕೈಗೆ ತೆಗೆದುಕೊಳ್ಳುವ ಮೊದಲು ಇಳಿಜಾರು ಯಾವ ಕಡೆಗಿದೆ ಎಂದು ಒಮ್ಮೆ ನೋಡಿ. ನಮ್ಮ ಅಂಗಳದಿಂದ ಹೋದ ಕಲೆ ಕೆಳಗಿನ ಮನೆಯವರ ಕೊಡಪಾನಕ್ಕೆ ಬರಬಾರದು.