ಬೇಲಿಯ ತಕರಾರು

ಸವದತ್ತಿಯ ಸೀಮೆಯಲ್ಲಿ ಬೇಲಿಯೆಂಬುದು ಹಿಂದೆ ಕೊಂಡು ತರುವ ವಸ್ತುವಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಜಾಲಿಯ ಮುಳ್ಳನ್ನು ಕಡಿದು ತಂದು ಹಿತ್ತಲಿನ ಸುತ್ತ ಒಟ್ಟುತ್ತಿದ್ದರು. ಬದುವಿನ ಮೇಲೆ ಕಳ್ಳಿಯೋ ಕತ್ತಾಳೆಯೋ ಬೆಳೆದು ನಿಲ್ಲುತ್ತಿದ್ದಿತು. ಅದು ಕೆಟ್ಟರೆ ಬೈಯಿಸಿಕೊಳ್ಳುವವನು ಮನೆಯವನೇ ಆದ್ದರಿಂದ ತಕರಾರಿಗೆ ಎಡೆಯಿರಲಿಲ್ಲ. ಅಮೇರಿಕೆಯ ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ಒಕ್ಕಲಿಗನು ತನ್ನ ಮುಳ್ಳುತಂತಿಗೆ ೧೮೭೪ರಲ್ಲಿ ಹಕ್ಕುಪತ್ರವನ್ನು ಪಡೆದನು. ಆ ತಂತಿಯು ಲೋಕವನ್ನು ಸುತ್ತಿ ಮಲಪ್ರಭೆಯ ದಂಡೆಯ ಹಿತ್ತಲುಗಳಿಗೂ ಬಂದು ಮುಟ್ಟಿತು. ತಂತಿಯೊಡನೆ ಕಂಬ ಬಂದಿತು, ಕಂಬದೊಡನೆ ಕಂತ್ರಾಟದಾರನು ಬಂದನು, ಅವನೊಡನೆ ಕರಾರಿನ ಕಾಗದವೂ ಬಂದಿತು.

ಊರಿನ ಗೃಹಸ್ಥರೊಬ್ಬರು ಇಳಿವಯಸ್ಸಿನಲ್ಲಿ ಮನೆಯ ಹಿಂದಿನ ಐದು ಗುಂಟೆ ನೆಲದಲ್ಲಿ ತೋಟ ಮಾಡಿದ್ದರು. ನಿಂಬೆ, ಪೇರಲ, ನಾಲ್ಕು ಮಡಿ ಬದನೆ, ಮನೆಯವರ ಪೂಜೆಗೆಂದು ಮಲ್ಲಿಗೆ, ದಾಸವಾಳ, ಕಣಗಿಲೆ. ಭರತಹುಣ್ಣಿವೆಗೆ ಎಲ್ಲಮ್ಮನ ಗುಡ್ಡಕ್ಕೆ ಜನವೂ ಚಕ್ಕಡಿಗಳೂ ನೆರೆಯುವ ಮೊದಲೇ ಬೇಲಿಯಾಗಬೇಕೆಂದು ಅವರು ಎರಡು ಓಣಿಯಾಚೆಯ ತರುಣನೊಬ್ಬನಿಗೆ ಕೆಲಸವನ್ನು ವಹಿಸಿಕೊಟ್ಟರು. ಮೂರು ಮಗ್ಗುಲಿಗೆ ಎಂಟೆಂಟು ಅಡಿಗೆ ಒಂದರಂತೆ ಇಪ್ಪತ್ತೊಂಬತ್ತು ಕಲ್ಲುಕಂಬ, ಐದೆಳೆ ತಂತಿ, ಒಂದು ಬಾಗಿಲು. ಹಣದ ಮೂರರಲ್ಲಿ ಎರಡು ಪಾಲು ಕೆಲಸದ ಕಾಲಕ್ಕೆ, ಉಳಿದುದು ಆಷಾಢದಲ್ಲಿ ಎಂದು ಕಾಗದವಾಯಿತು. ಹುಣ್ಣಿವೆಗೆ ಎರಡು ದಿನ ಮುಂಚೆಯೇ ಬೇಲಿಯು ಎದ್ದು ನಿಂತಿತು. ನೋಡಿದವರು ಚೆಲುವಾಗಿದೆಯೆಂದರು, ಚೆಲುವಾಗಿಯೇ ಇದ್ದಿತು.

ಎರೆಮಣ್ಣಿನ ಸ್ವಭಾವವನ್ನು ಈ ಭಾಗದ ವಾಚಕರಿಗೆ ಹೇಳಬೇಕಾದುದಿಲ್ಲ. ನೀರು ಕುಡಿದರೆ ಉಬ್ಬುವದು, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರಿಯುವದು. ವೈಶಾಖದ ಬಿಸಿಲಿಗೆ ಪ್ರತಿಯೊಂದು ಕಂಬದ ಬುಡದಲ್ಲಿಯೂ ಸುತ್ತ ಸಂದು ಬಿಟ್ಟಿತು. ಜ್ಯೇಷ್ಠದ ಮೊದಲ ದೊಡ್ಡ ಮಳೆಯ ನೀರು ಆ ಸಂದಿನೊಳಗಿಳಿದು ಮಣ್ಣನ್ನು ಮೆತ್ತಗೆ ಮಾಡಿ ಕಂಬಗಳನ್ನು ಒಂದು ಮಗ್ಗುಲಿಗೆ ದೂಡಿತು. ಮೂಲೆಯ ಕಂಬಗಳ ಗತಿಯಂತೂ ಕೇಳಲೇ ಬೇಡ. ಎರಡು ಕಡೆಯ ತಂತಿಯ ಎಳೆತವನ್ನೂ ಹೊತ್ತುಕೊಳ್ಳುವ ಕಂಬಕ್ಕೆ ಒಳಗಿನಿಂದ ಓರೆಯಾಗಿ ಆಧಾರದ ಕಲ್ಲು ಬೇಕು. ಇಲ್ಲಿ ಅದನ್ನು ಕೊಟ್ಟಿರಲಿಲ್ಲ. ತಂತಿಗಳು ಜೋತುಬಿದ್ದವು. ಒಂದು ಮಧ್ಯಾಹ್ನ ಓಣಿಯ ಆಡುಗಳೆಲ್ಲ ಒಳನುಗ್ಗಿ, ಮೇಯಬಾರದ ಕಣಗಿಲೆಯೊಂದನ್ನು ಬಿಟ್ಟು, ಉಳಿದೆಲ್ಲವನ್ನೂ ಬುಡಮಟ್ಟ ತಿಂದುಹೋದವು.

ಕರೆಕಳುಹಿಸಿದ ಮೂರನೆಯ ದಿನ ತರುಣನು ಬಂದು ಬೇಲಿಯನ್ನು ನೋಡಿದನು. ನೋಡಿ ಕಾಗದವನ್ನು ತೆಗೆದನು. "ಕಾಗದದಾಗ ಬರದಷ್ಟು ಮಾಡೇನ್ರಿ ಯಜಮಾನ್ರ. ಕಂಬ ಎಣಿಸ್ರಿ, ಎಳಿ ಎಣಿಸ್ರಿ. ಆಳದ ಮಾತು ಇದರಾಗ ಎಲ್ಲೈತಿ ತೋರಸ್ರಿ" ಎಂದನು. ಆಳದ ಮಾತು ಅದರಲ್ಲಿ ನಿಜವಾಗಿಯೂ ಇರಲಿಲ್ಲ. ಇದು ಈ ಕಾಲದ ಕಾಗದಗಳ ದೋಷವೊಂದೇ ಅಲ್ಲ. ಸುಗಂಧವರ್ತಿಯೆಂದು ಹೆಸರಾಗಿದ್ದ ಇದೇ ಊರನ್ನು ರಾಜಧಾನಿ ಮಾಡಿಕೊಂಡು ಆಳಿದ ರಟ್ಟರ ಕಾಲದಲ್ಲಿಯೂ ಭೂದಾನದ ಶಾಸನಗಳಲ್ಲಿ ಎಲ್ಲೆಯನ್ನು ವಿವರಿಸುವ ರೂಢಿಯಿದ್ದಿತು. ಎಲ್ಲೆಯ ಕಲ್ಲು ಯಾವ ದಿಕ್ಕಿನಲ್ಲಿದೆಯೆಂದು ಬರೆಯುವ ಕೈ, ಎಷ್ಟು ಆಳ ಹೂಳಿದೆಯೆಂದು ಬರೆಯುವ ಗೋಜಿಗೆ ಹೋಗುವದಿಲ್ಲ.

ಆದರೆ ಮಾತಿಲ್ಲದಲ್ಲಿ ಹೊಣೆಯೂ ಇಲ್ಲವೆಂಬ ವಾದವು ನಿಲ್ಲತಕ್ಕದ್ದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೊಲದ ಬೇಲಿಯ ಲಕ್ಷಣವು ಬಂದಿದೆ. ಅಲ್ಲಿ ಕಂಬದ ಎಣಿಕೆಯಿಲ್ಲ, ಅಡಿಯ ಲೆಕ್ಕವಿಲ್ಲ. ಒಂಟೆಯು ಮೇಲಿನಿಂದ ಇಣುಕಲಾರದಷ್ಟು ಎತ್ತರವಿರಬೇಕು, ನಾಯಿಹಂದಿಗಳ ಮೂತಿ ತೂರುವ ಕಂಡಿಗಳು ಮುಚ್ಚಿರಬೇಕು ಎಂಬಷ್ಟೇ ತಾತ್ಪರ್ಯ. (ಆಡನ್ನು ಸ್ಮೃತಿಕಾರರು ಹೇಗೆ ಮರೆತರೋ!) ಅಂದರೆ ಬೇಲಿಯು ಯಾವ ಕೆಲಸಕ್ಕಾಗಿ ಇದೆಯೋ ಆ ಕೆಲಸವೇ ಅದರ ಅಳತೆ. ಬೇಲಿ ಹಾಕಿಕೊಡುವೆನೆಂದು ಒಪ್ಪಿದವನು ಅದು ನಿಲ್ಲುವದೆಂದೂ ಒಪ್ಪಿದಂತೆಯೇ. ಅದರಲ್ಲಿಯೂ ಅವನು ಅದೇ ನೆಲದಲ್ಲಿ ಹುಟ್ಟಿ ಬೆಳೆದವನಾದ ಬಳಿಕ, ಎರೆಮಣ್ಣಿನ ಗುಣವನ್ನು ಅರಿಯೆನೆನ್ನುವಂತಿಲ್ಲ.

ಧಾರವಾಡದಲ್ಲಿ ವಕೀಲಿ ಮಾಡುವ ಅಳಿಯಂದಿರು ಬೇರೊಂದು ದಾರಿಯನ್ನು ತೋರಿಸಿದರು. ೧೮೭೨ರ ಕರಾರು ಕಾಯದೆಯ ೭೩ನೆಯ ಕಲಮಿನಂತೆ ಕರಾರು ಮುರಿದವನಿಂದ ನಷ್ಟವನ್ನು ಪಡೆಯಬಹುದು. ೧೯೮೬ರ ಗ್ರಾಹಕರ ಸಂರಕ್ಷಣ ಕಾಯದೆಯ ಬದಲಿಗೆ ೨೦೧೯ರಲ್ಲಿ ಹೊಸದಾಗಿ ಆಗಿ ೨೦೨೦ರ ಜುಲೈಯಲ್ಲಿ ಜಾರಿಗೆ ಬಂದ ಕಾಯದೆಯಂತೆ, ಎರಡು ವರುಷಗಳೊಳಗಾಗಿ ಬೆಳಗಾವಿಯ ಜಿಲ್ಲಾ ಆಯೋಗಕ್ಕೆ ಅರ್ಜಿ ಕೊಡಬಹುದು. ಇಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಗೃಹಸ್ಥರು ಎಲ್ಲವನ್ನೂ ಕೇಳಿಕೊಂಡರು. ಆ ೭೩ನೆಯ ಕಲಮಿನ ವಿವರಣೆಯಲ್ಲಿ, ನಷ್ಟವನ್ನು ಎಣಿಸುವಾಗ ಅದನ್ನು ತಡೆಯಲು ಏನು ಉಪಾಯವಿದ್ದಿತೆಂಬುದನ್ನೂ ನೋಡಬೇಕೆಂದು ಇರುವದು ಮಾತ್ರ ಅವರ ಮನಸ್ಸಿಗೆ ಬಂದಿತು. ಅಂದೇ ಸಂಜೆ ಎರಡು ಹೊರೆ ಜಾಲಿಮುಳ್ಳನ್ನು ತರಿಸಿ ಕಂಡಿಗಳಿಗೆ ಒಟ್ಟಿಸಿದರು. ಅರ್ಜಿಯನ್ನು ಬರೆಯಲಿಲ್ಲ. ಎರಡು ಓಣಿಯಾಚೆಯವನನ್ನು ದಿನಾಲು ಸಂತೆಯಲ್ಲಿ, ಗುಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಕಾಣಲೇಬೇಕಾಗುವದು. ಅವನ ತಾಯಿಯಂತೂ ನಾಗರಪಂಚಮಿಗೆ ಉಂಡಿ ಕಳಿಸುವವಳು. ಬೆಳಗಾವಿಯ ತೀರ್ಪು ಬಂದ ಮೇಲೆ ಆ ಉಂಡಿಯ ಡಬ್ಬಿಯು ಯಾವ ಮುಖದಿಂದ ಬರಬೇಕು?

ಇಷ್ಟರಲ್ಲಿ ತೊಡಕೊಂದು ಬಂದಿತು. ಉಳಿದ ಮೂರನೆಯ ಪಾಲನ್ನು ಗೃಹಸ್ಥರು ತಡೆಹಿಡಿದುದರಿಂದ ಗುಂಡಿ ತೋಡಿದ ಮೂವರು ಕೂಲಿಯವರ ಬಾಕಿಯನ್ನು ಕೊಡಲಾಗದೆಂದು ತರುಣನು ಹೇಳಿಕಳಿಸಿದನು. ಹೇಳಿದಷ್ಟು ಆಳ ತೋಡಿದವರದು ಏನು ತಪ್ಪು? ಗೃಹಸ್ಥರು ಆ ಮೂವರನ್ನೂ ತರುಣನನ್ನೂ ಒಟ್ಟಿಗೆ ಕರೆಸಿ, ಅವನ ಎದುರಿನಲ್ಲಿಯೇ ಅವರ ಕೂಲಿಯನ್ನು ಎಣಿಸಿಕೊಟ್ಟು, ಅಷ್ಟನ್ನು ಬಾಕಿಯಲ್ಲಿ ವಜಾ ಹಾಕಿದರು. ತರುಣನಿಗೆ ಇದು ಅವಮಾನವೆನಿಸಿತು, ಮುಖ ಕೆಂಪಗಾಯಿತು. ಆದರೆ ಕೂಲಿಯವರ ಮುಂದೆ ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮನೆ ತೋಟಗಳ ವ್ಯಾಜ್ಯಕ್ಕೆ ನೆರೆಯವರ ಮಾತೇ ಆಧಾರವೆಂದಿದೆ. ಅದನ್ನು ಓದದೆಯೂ ಊರವರು ಹಾಗೆಯೇ ನಡೆದುಕೊಂಡು ಬಂದಿದ್ದಾರೆ. ನೆರೆಯ ಇಬ್ಬರು ಹಿರಿಯ ಒಕ್ಕಲಿಗರು ಬಂದು ಕುಳಿತರು. ಮಾತಿಗೆ ಮೊದಲು ವಾಲಿದ ಒಂದು ಕಂಬದ ಬುಡವನ್ನು ಅಗೆಯಿಸಿದರು. ಒಂದೂವರೆ ಅಡಿಗೆ ಕಲ್ಲು ಮುಗಿಯಿತು. ಅದರ ಕೆಳಗೆ ಗರಸೂ ಇಲ್ಲ, ಹೆಂಟೆಯೂ ಇಲ್ಲ, ತೋಡಿದ ಮಣ್ಣನ್ನೇ ತಿರುಗಿ ತುಂಬಿದ್ದರು. ಯಾರೂ ಒಂದು ನಿಮಿಷ ಮಾತಾಡಲಿಲ್ಲ. ತರುಣನು ಮತ್ತೆ ಕಾಗದವನ್ನು ತೆಗೆಯಹೋದಾಗ ಹಿರಿಯನೊಬ್ಬನು, "ತಮ್ಮಾ, ಯರಿ ನೆಲಕ್ಕ ಕಾಗದ ಓದಾಕ ಬರೂದಿಲ್ಲ. ನಿಮ್ಮಪ್ಪ ಕಣದಾಗ ಮೇಟಿ ಹುಗಿಯೂವಾಗ ಎಷ್ಟ ತೋಡತಿದ್ದಾ ಹೇಳು" ಎಂದನು. ತರುಣನು ಬಹಳ ಹೊತ್ತು ಗುಂಡಿಯನ್ನೇ ನೋಡುತ್ತಿದ್ದು, "ಎರಡೂವರಿ" ಎಂದನು.

ಆ ಮೇಲಿನದು ಕಠಿನವಾಗಲಿಲ್ಲ. ಕಂಬಗಳನ್ನೆಲ್ಲ ಕಿತ್ತು ಎರಡೂವರೆ ಅಡಿಗೆ ಹುಗಿಯುವ ಆಳಿನ ಖರ್ಚು ತರುಣನದು. ಬುಡಕ್ಕೆ ಹಾಕುವ ಗರಸು, ಮೂಲೆಗಳಿಗೆ ಬೇಕಾದ ಆಧಾರದ ಕಲ್ಲುಗಳು ಕಾಗದದಲ್ಲಿ ಇರಲಿಲ್ಲವಾದ್ದರಿಂದ ಅವುಗಳ ಬೆಲೆಯನ್ನು ಗೃಹಸ್ಥರು ಕೊಡುವದು. ಬಾಕಿಯ ಅರ್ಧವು ಕೆಲಸ ಮುಗಿದ ದಿನ, ಉಳಿದರ್ಧವು ಹಿಂಗಾರಿ ಮಳೆ ಹೋದ ಮೇಲೆ ದೀಪಾವಳಿಗೆ. ಆಡು ತಿಂದ ಗಿಡಗಳ ನಷ್ಟವನ್ನು ಗೃಹಸ್ಥರು ಕೇಳಲಿಲ್ಲ. ಹಿರಿಯರಿಗೆ ಇದು ಸರಿಬರಲಿಲ್ಲವೆಂದೂ ಹೇಳಬೇಕು. ಮಲ್ಲಿಗೆಯ ಬಳ್ಳಿಗಳನ್ನಾದರೂ ಅವನು ತಂದು ಹಚ್ಚಬೇಕೆಂದು ಅವರ ಮತವಾಗಿದ್ದಿತು, ಅದರಲ್ಲಿ ನ್ಯಾಯವೂ ಇದ್ದಿತು.

ಆ ವರುಷ ಹಿಂಗಾರಿಯು ಚೆನ್ನಾಗಿ ಹೊಡೆಯಿತು. ಇಪ್ಪತ್ತೊಂಬತ್ತರಲ್ಲಿ ಬಾಗಿಲ ಮಗ್ಗುಲಿನ ಕಂಬವೊಂದು ಮಾತ್ರ ಎರಡು ಬೆರಳಷ್ಟು ಸರಿಯಿತು. ಯಾರೂ ಕರೆಕಳಿಸುವ ಮೊದಲೇ ತರುಣನು ಬೆಳಿಗ್ಗೆ ಹಾರೆಯನ್ನು ಹೊತ್ತು ಬಂದು ಅದನ್ನು ನೆಟ್ಟಗೆ ಮಾಡಿ, ಬುಡಕ್ಕೆ ಗರಸನ್ನು ಬಡಿದು ಹೋದನು. ದೀಪಾವಳಿಯ ಮರುದಿನ ಹಣಕ್ಕೆ ಬಂದಾಗ, ಬೇರೊಂದು ಓಣಿಯಲ್ಲಿ ತಾನು ಹಿಡಿದ ಹೊಸ ಬೇಲಿಯ ಕಾಗದವನ್ನು ಕಿಸೆಯಿಂದ ತೆಗೆದು, ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಡಬೇಕೆಂದು ಗೃಹಸ್ಥರ ಮುಂದೆ ಇಟ್ಟನು. ಕಂಬಗಳ ಎಣಿಕೆಗಿಂತ ಮೇಲೆ, ಮೊದಲನೆಯ ಸಾಲಿನಲ್ಲಿಯೇ, ಗುಂಡಿಯ ಆಳವನ್ನು ಬರೆದಿದ್ದನು. ಗೃಹಸ್ಥರು ಕನ್ನಡಕವನ್ನು ಹಾಕಿಕೊಂಡು ಎರಡು ಒತ್ತಕ್ಷರಗಳನ್ನು ತಿದ್ದಿಕೊಟ್ಟರು.