ವಾಟ್ನಿಗೆ ಸಿಗದ ತೊಟ್ಟಿಲು

ಅಜ್ಜ ತೀರಿದ ಮೇಲೆ ಎರಡು ಸುಗ್ಗಿ ಹೇಗೋ ಕೂಡಿ ನಡೆದವು. ಮೂರನೆಯದಕ್ಕೆ ವಾಟ್ನಿಯಾಗಿ ಹೊಲ ನಾಲ್ಕು ಪಾಲಾಯಿತು. ಬೈಲಹೊಂಗಲಕ್ಕೂ ಕಿತ್ತೂರಿಗೂ ನಡುವಿನ ಎರಿಭೂಮಿ. ಹತ್ತಿ, ಬಿಳಿಜೋಳ, ಕಡಲೆ ಬೆಳೆದು ಹತ್ತು ಬಾಯಿ ಸಾಕಿದ್ದ ನೆಲ ಕಾಗದದ ಮೇಲೆ ಗುಂಟೆ, ಆಣೆಗೆ ಇಳಿಯಿತು. ಎತ್ತಿನ ಜೋಡಿ ದೊಡ್ಡಪ್ಪನಿಗೆ, ಚಕ್ಕಡಿ ಕಾಕಾನಿಗೆ, ಆಕಳು ನಮಗೆ, ಕಣಜದ ಜೋಳ ಅಳೆದು ಎಲ್ಲರಿಗೂ. ಬೀಸುಕಲ್ಲಿಗೂ ಒಬ್ಬ ಧಣಿ ಸಿಕ್ಕ. ತೊಟ್ಟಿಲು ಮಾತ್ರ ಯಾರ ಪಾಲಿಗೂ ಬರಲಿಲ್ಲ, ಏಕೆಂದರೆ ಆ ದಿನ ಅದು ಮನೆಯಲ್ಲೇ ಇರಲಿಲ್ಲ. ಸವದತ್ತಿ ಕಡೆಗೆ ಕೊಟ್ಟ ಅತ್ತಿಯ ಮನೆಯ ತೊಲೆಗೆ ತೂಗುಬಿದ್ದಿತ್ತು. ಪಂಚರ ಮುಂದೆ ಆಯಿ ಅದರ ಸುದ್ದಿ ಎತ್ತಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡರು ಗಂಡಸರು. ಉಪ್ಪಿನಕಾಯಿ ಭರಣಿಯ ಮುಚ್ಚಳ ಯಾರ ಮನೆಗೆ ಹೋಗಿದೆ ಎಂಬುದನ್ನೂ ನೆನಪಿಟ್ಟವಳು ತೊಟ್ಟಿಲು ಮರೆತಾಳೆಯೆ?

ಅದು ಕಲಘಟಗಿಯ ಬಣ್ಣದ ತೊಟ್ಟಿಲು. ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಬಯಲು ಮುಗಿದು ಕಾಡು ಶುರುವಾಗುವ ಕಡೆ ಕಲಘಟಗಿ ಇದೆ. ಸಾಗವಾನಿಗೆ ಅಲ್ಲಿ ಬರವಿರಲಿಲ್ಲ, ಕೈಚಳಕದ ಚಿತ್ರಗಾರರಿಗೂ ಬರವಿರಲಿಲ್ಲ. ಅರಗಿಗೆ ಬಣ್ಣ ಬೆರೆಸಿ, ತಿರುಗುವ ಕಟ್ಟಿಗೆಗೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಕಟ್ಟಿಗೆಯ ಮೈಗೆ ಕೂತುಬಿಡುತ್ತದೆ. ನೀರು ಬಿದ್ದರೂ ಏಳುವುದಿಲ್ಲ, ಕೂಸು ನೆಕ್ಕಿದರೂ ಹೋಗುವುದಿಲ್ಲ. ನಮ್ಮದರ ಪಟ್ಟಿಯ ಮೇಲೆ ಬಾಲಕೃಷ್ಣ ಇದ್ದಾನೆ. ಅವನ ಬೆಣ್ಣೆ ಹಿಡಿದ ಕೈಯನ್ನು ಯಾರದೋ ಹೊಸ ಹಲ್ಲು ಕೆರೆದಿದೆ. ಆ ಹಲ್ಲು ತನ್ನದಲ್ಲ ಎಂದು ದೊಡ್ಡಪ್ಪ ಎಪ್ಪತ್ತು ದಾಟಿದ ಮೇಲೂ ವಾದಿಸುತ್ತಿದ್ದ.

ಈ ತೊಟ್ಟಿಲುಗಳು ಈಚೆಗೆ ಸಿನೆಮಾದವರ ಮನೆಗೂ ಹೋಗಿವೆ. ಯಶ್ ದಂಪತಿಯ ಚೊಚ್ಚಲ ಕೂಸಿಗೆಂದು ಅಂಬರೀಷ್ ಕಲಘಟಗಿಯಲ್ಲಿ ಒಂದು ಮಾಡಲು ಹೇಳಿದ್ದರು. 2018ರ ನವೆಂಬರ್ 24ರಂದು ಅವರು ತೀರಿಕೊಂಡರು, ಕೂಸು ಹುಟ್ಟಿದ್ದು ಡಿಸೆಂಬರಿನಲ್ಲಿ. ಹೇಳಿದವರು ಹೋದ ಮೇಲೆ ತೊಟ್ಟಿಲು ಬಂತು. ಟೀವಿಯವರಿಗೆ ಅದು ದೊಡ್ಡ ಸುದ್ದಿಯಾಯಿತು. ನಮ್ಮವ್ವ ಮಾತ್ರ ಸೊಪ್ಪು ಬಿಡಿಸುತ್ತಲೇ, "ತೊಟ್ಲಾ ಅಂದ್ರ ಹಂಗss, ತಂದವ್ರು ಒಬ್ರು, ತೂಗವ್ರು ಒಬ್ರು" ಎಂದು ಸುಮ್ಮನಾದಳು.

ನಮ್ಮ ತೊಟ್ಟಿಲು ತಂದವನು ಆಯಿಯ ಅಪ್ಪ. ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಮಾರಿ, ಬಂದ ರೊಕ್ಕದಲ್ಲಿ ಸಾಲ ತೀರಿಸುವುದು ಬಿಟ್ಟು ಮಗಳ ಚೊಚ್ಚಲ ಬಾಣಂತನಕ್ಕೆ ತೊಟ್ಟಿಲು ಕೊಂಡನಂತೆ. ತವರಿನ ತೊಟ್ಟಿಲು ಚಕ್ಕಡಿಯಲ್ಲಿ ಮನೆ ಸೇರಿತು. ದೊಡ್ಡಪ್ಪ, ಅಪ್ಪ, ಕಾಕಾ, ಅತ್ತಿ ಒಬ್ಬೊಬ್ಬರಾಗಿ ಅದರಲ್ಲಿ ಮಲಗಿ ಎದ್ದರು. ಮತ್ತೆ ಇಬ್ಬರು ಮಲಗಿದರು, ಏಳಲಿಲ್ಲ. ಒಂದು ಕೂಸಿಗೆ ಹೆಸರೂ ಇಟ್ಟಿರಲಿಲ್ಲ. ಎರಡನ್ನೂ ಹೊಲದ ಬದುವಿನ ಬನ್ನಿಗಿಡದ ಕೆಳಗೆ ಮಣ್ಣು ಮಾಡಿದರು. ಆಗಿನ ಕಾಲ ಹಾಗಿತ್ತು. 1971ರಲ್ಲಿಯೂ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು; 2020ಕ್ಕೆ ಆ ಲೆಕ್ಕ 28ಕ್ಕೆ ಇಳಿಯಿತು. ಆಯಿಗೆ ಈ ಅಂಕಿ ಗೊತ್ತಿರಲಿಲ್ಲ. "ಎಷ್ಟು ಮಕ್ಕಳು?" ಎಂದು ಯಾರಾದರೂ ಕೇಳಿದರೆ "ಆರು" ಎನ್ನುತ್ತಿದ್ದಳು. ಹೊಲ ಅಳೆಯುವವರು ಸರಪಳಿ ಹಿಡಿದು ಬಂದಾಗ ಬನ್ನಿಗಿಡ ಸರಿಯಾಗಿ ಎರಡು ಹಿಸ್ಸೆಯ ನಡುವೆ ಬಂತು. ಅದನ್ನು ಕಡಿಯೋಣ ಎಂದವರು ಒಬ್ಬರೂ ಇಲ್ಲ.

ಎರಡನೆಯ ಕೂಸು ಹೋದ ಮೇಲೆ ತೊಟ್ಟಿಲು ಅಟ್ಟ ಸೇರಿತು. ಬರೀ ತೊಟ್ಟಿಲು ತೂಗಬಾರದು ಎನ್ನುವ ಊರಿನಲ್ಲಿ, ಕೂಸು ಸತ್ತ ತೊಟ್ಟಿಲ ಬಗ್ಗೆ ಏನೆಲ್ಲ ಮಾತು ಬಂದಿರಬೇಡ! ಗುಡಿಗೆ ಕೊಟ್ಟುಬಿಡು ಎಂದರು, ಒಲೆಗೆ ಹಾಕು ಎಂದರು. ಅದೇ ಹೊತ್ತಿಗೆ ಅತ್ತಿ ಹೊಟ್ಟೆಯಲ್ಲಿದ್ದಳು. ಆಯಿ ಯಾರ ಸಂಗಡವೂ ಜಗಳ ಆಡಲಿಲ್ಲ. ಆ ವಾರ ಒಂದು ಆಡು ಈದು ಸತ್ತಿತ್ತು. ತಬ್ಬಲಿ ಮರಿಯನ್ನು ಹರಕು ಕೌದಿಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿ ತೂಗಿದಳು. ಅತ್ತೆ ಬೈದಳಂತೆ. ಅದಕ್ಕೆ ಆಯಿ, "ಹೆಸರಿಡೋ ದಿನಾ ಮೊದಲ ಗುಂಡಕಲ್ಲ ಹಾಕಿ ತೂಗತೀರಲ್ರೀ. ಕಲ್ಲಿಗೆ ನಡೀತೈತಿ, ಜೀವಿದ್ದ ಮರಿಗೆ ಯಾಕ ನಡಿಯಂಗಿಲ್ಲ?" ಎಂದಳಂತೆ. ಮರಿ ಬದುಕಿತು, ಮುಂದೆ ಊರಿಗೇ ಹೆಸರಾದ ಪುಂಡ ಹೋತ ಆಯಿತು. ಅತ್ತಿ ಹುಟ್ಟಿ ಅದೇ ತೊಟ್ಟಿಲಲ್ಲಿ ಬೆಳೆದಳು. ತಾನು ಹೋತದ ತಂಗಿ ಎಂದು ಹೇಳಿಕೊಳ್ಳಲು ಅವಳಿಗೆ ಇವತ್ತಿಗೂ ನಾಚಿಕೆಯಿಲ್ಲ.

ಪೇಟೆಗೆ ಹೋದಾಗಲೆಲ್ಲ ಆಯಿ ಬೈಲಹೊಂಗಲದಲ್ಲಿರುವ ಕಿತ್ತೂರು ರಾಣಿ ಚನ್ನಮ್ಮನ ಸಮಾಧಿಗೆ ಹೋಗಿಯೇ ಬರುತ್ತಿದ್ದಳು. ಶಾಲೆಯಲ್ಲಿ ನಾವು ಓದಿದ್ದು ಖಡ್ಗ, ಕುದುರೆ, 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬಿದ್ದ ಕಲೆಕ್ಟರ್ ಥ್ಯಾಕರೆ. ಆಯಿ ಹೇಳುತ್ತಿದ್ದ ಕತೆ ಬೇರೆಯೇ. ಚನ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದವನು ಉಳಿಯಲಿಲ್ಲ. ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ಕಣ್ಣು ಮುಚ್ಚುವಾಗ ದತ್ತು ತೆಗೆದುಕೊಂಡ ಹುಡುಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಲ್ಲಿಂದ ಹತ್ತಿತು ಬೆಂಕಿ. "ಅರಮನ್ಯಾಗ ಒಂದು ಕೂಸ ಆಡಿದ್ರ ಯುದ್ಧನ ಆಗ್ತಿರಲಿಲ್ಲ" ಎನ್ನುವುದು ಅವಳ ತೀರ್ಮಾನ. ಇತಿಹಾಸದವರು ಒಪ್ಪಲಿಕ್ಕಿಲ್ಲ. ಕಂಪನಿಗೆ ಬೇರೊಂದು ನೆವ ಸಿಕ್ಕೇ ಸಿಗುತ್ತಿತ್ತು ಎಂದು ನನಗೂ ಅನಿಸುತ್ತದೆ. ಆದರೆ ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದು 1829ರಲ್ಲಿ ಬೈಲಹೊಂಗಲದಲ್ಲಿ ಪ್ರಾಣ ಬಿಟ್ಟವಳ ಸಮಾಧಿಯ ಮುಂದೆ, ಇಬ್ಬರನ್ನು ಬನ್ನಿಗಿಡದ ಕೆಳಗೆ ಬಿಟ್ಟು ಬಂದವಳಿಗೆ ಖಡ್ಗ ನೆನಪಾಗದಿದ್ದರೆ ಅದರಲ್ಲಿ ತಪ್ಪೇನು?

ವಾಟ್ನಿಯಾದ ಮೇಲೆ ಅಣ್ಣತಮ್ಮಂದಿರ ಮಾತು ನಿಂತಿತು. ನೀರಿನ ಕಾಲುವೆ, ಬದುವಿನ ಹುಲ್ಲು, ಇದ್ದೇ ಇರುತ್ತದಲ್ಲ. ಆದರೆ ಸೊಸೆಯಂದಿರಲ್ಲಿ ಯಾರಿಗೆ ದಿನ ತುಂಬಿದರೂ ಹಿಂದಿನ ಬಾಣಂತಿಯ ಮನೆಗೆ ಹೋಗಿ ತೊಟ್ಟಿಲು ಕೇಳಬೇಕಿತ್ತು. ಬಾಯಿ ಬಿಟ್ಟು ಕೇಳಿದವರಿಗೆ ಚಹಾ ಕೊಡದೆ ಕಳಿಸಲಾದೀತೆ? ತೊಟ್ಟಿಲು ಬಂದ ಮನೆಗೆ ಹೆಸರಿಡಲು ಸೋದರತ್ತಿ ಬರಬೇಕು, ಅವಳು ಕೂಸಿನ ಕಿವಿಯಲ್ಲಿ ಕುರ್ ಎನ್ನುವಾಗ ಬೆನ್ನಿಗೆ ಗುದ್ದಲು ಉಳಿದ ಹೆಂಗಸರೆಲ್ಲ ಬೇಕು. ಮೂರು ವರ್ಷದ ಸಿಟ್ಟನ್ನು ಆ ಗುದ್ದಿನಲ್ಲೇ ತೀರಿಸಿಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಸವ ಜಯಂತಿಗೆ ಬಸವಣ್ಣನ ಫೋಟೋ ಇಟ್ಟು ತೂಗಲು ಊರವರೂ ಅದನ್ನೇ ಒಯ್ಯುತ್ತಿದ್ದರು. ಆಯಿ ಪಂಚರ ಮುಂದೆ ಏಕೆ ಬಾಯಿ ಬಿಡಲಿಲ್ಲ ಎಂಬುದು ಆಗ ಹೊಳೆಯಿತು.

2019ರ ಆಗಸ್ಟಿನಲ್ಲಿ ತೊಟ್ಟಿಲು ರಾಮದುರ್ಗದ ಕಡೆ, ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ ನನ್ನ ಕಾಕಾನ ಮಗಳ ಮನೆಯಲ್ಲಿತ್ತು. ಮೇಲಿನ ಮಳೆಗೆ ಹೊಳೆ ಉಕ್ಕಿತು, ನವಿಲುತೀರ್ಥದ ಅಣೆಕಟ್ಟಿನಿಂದಲೂ ನೀರು ಬಿಟ್ಟರು. ಮುನವಳ್ಳಿ, ರಾಮದುರ್ಗ ಎಲ್ಲ ಕಡೆ ಮನೆಯೊಳಗೆ ಹೊಳೆ. ಅವಳು ಕೂಸನ್ನು ಬಗಲಿಗೆ ಕಟ್ಟಿಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ತೊಟ್ಟಿಲಿಗೆ ತುಂಬಿದಳು: ಹೊಲದ ಉತಾರ, ರೇಶನ್ ಕಾರ್ಡು, ಸೊಸೈಟಿಯ ಸಾಲದ ಪುಸ್ತಕ, ಬಿತ್ತಲು ತೆಗೆದಿಟ್ಟ ಕಡಲೆ. ಸರಪಳಿ ಗಿಡ್ಡ ಮಾಡಿ ಜಂತಿಗೆ ಎತ್ತಿ ಕಟ್ಟಿ ಹೊರಬಿದ್ದಳು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹಿಂದಿನ ಗೋಡೆ ಇಲ್ಲ, ಕಟ್ಟಿದ್ದ ಎರಡು ಎಮ್ಮೆ ಇಲ್ಲ, ಹೊಲದ ತುಂಬ ಮೊಣಕಾಲುದ್ದ ಉಸುಕು. ತೊಟ್ಟಿಲು ಅಲ್ಲೇ ತೂಗಾಡುತ್ತಿತ್ತು. ಅಡಿಯ ಪಟ್ಟಿಯ ಮೇಲೆ ಕೆಸರಿನ ಗೆರೆ. ಒರೆಸಿದರೆ ಅರಗಿನ ಬಣ್ಣ ಹಾಗೇ ಇತ್ತು.

ಮೂರು ವರ್ಷದ ನಂತರ ಅದು ನಮ್ಮ ಮನೆಗೆ ಬಂತು, ತಂಗಿಯ ಬಾಣಂತನಕ್ಕೆ. ಅದೇ ತಿಂಗಳು ಆಕಳು ಈದಿತು. ಮಾಸನ್ನು ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ತೂಗಿ ಬಂದೆ, ಗಿಣ್ಣ ಕಾಸಿ ಓಣಿಗೆಲ್ಲ ಹಂಚಿದ್ದಾಯಿತು. ಆದರೆ 2022 ಚರ್ಮಗಂಟು ರೋಗದ ವರ್ಷ. ಆಕಳ ಮೈತುಂಬ ಗಂಟು ಎದ್ದವು, ಮೇವು ಬಿಟ್ಟಿತು, ಕರು ತಬ್ಬಲಿಯಾಯಿತು. ಅವ್ವ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದು ಕೈಯಲ್ಲಿ ಕರುವಿನ ಹಾಲಿನ ಬಾಟಲಿ ಹಿಡಿದು ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಯಾರಿಗೆ ಜೋಗುಳ ಹಾಡುತ್ತಿದ್ದಾಳೋ ತಿಳಿಯುತ್ತಿರಲಿಲ್ಲ.

ಈಗ ದೊಡ್ಡಪ್ಪನ ಮೊಮ್ಮಗಳ ಸರದಿ. ಅವಳಿರುವುದು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ. ತೊಲೆ ಇಲ್ಲ, ಜಂತಿ ಇಲ್ಲ, ಮಾಳಿಗೆಗೆ ಕೊಂಡಿ ಹಾಕಲು ಬಿಲ್ಡರ್ ಬಿಡುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಲು ಅವಳ ಗಂಡ ಬೈಲಹೊಂಗಲದ ವೆಲ್ಡಿಂಗ್ ಅಂಗಡಿಗೆ ಬಂದಿದ್ದ, ನಾನೂ ಜೊತೆಗಿದ್ದೆ. ಎಷ್ಟು ತೂಕ ತಡೀಬೇಕು ಎಂದು ಕೇಳಿದ ವೆಲ್ಡರ್. ಹುಡುಗ ಎಂಜಿನಿಯರ್, ಲೆಕ್ಕ ಹಾಕಿ "ಹತ್ತು ಕೆಜಿ ಸಾಕು" ಎಂದ. ವೆಲ್ಡರ್ ಫೋನಿನಲ್ಲಿದ್ದ ತೊಟ್ಟಿಲ ಫೋಟೋ ನೋಡಿ ನಕ್ಕ. "ಕೂಸಿಂದ ಅಲ್ರೀ ಸಾಹೇಬ್ರ, ಕಲಘಟಗಿ ತೊಟ್ಲದ್ದ ತೂಕಾ ಹೇಳ್ರಿ" ಎಂದು ದಪ್ಪನೆಯ ಪೈಪ್ ಹುಡುಕಲು ಒಳಗೆ ಹೋದ.